ಮೆಂಟರ್ ಬೇಕೋ, ಕೋಚ್ ಬೇಕೋ? ಕರಾವಳಿಯ ಶಾಲೆ, ಕಚೇರಿಗಳು ಆರಿಸುವ ಮುಂಚೆ

ಜೂನ್ ತಿಂಗಳ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆ ಅಂದುಕೊಳ್ಳಿ. ಹಳೆ ವಿದ್ಯಾರ್ಥಿ ಸಂಘದವರ ಹತ್ತಿರ ಸ್ವಲ್ಪ ದುಡ್ಡಿದೆ. ಸ್ಮಾರ್ಟ್ ಬೋರ್ಡ್ ಕೊಟ್ಟಾಗಿದೆ, ಶೌಚಾಲಯಕ್ಕೆ ಟೈಲ್ಸ್ ಹಾಕಿಸಿಯಾಗಿದೆ. "ಇನ್ನು ಟೀಚರ್‌ಗಳಿಗೆ ಎಂತ ಮಾಡುವ?" ಎಂದು ಕೇಳುತ್ತಾರೆ. ಒಬ್ಬರು ಬೆಂಗಳೂರಿನಿಂದ ತರಬೇತುದಾರರನ್ನು ಕರೆಸುವ ಅನ್ನುತ್ತಾರೆ. ಇನ್ನೊಬ್ಬರು ನಿವೃತ್ತ ಮಾಸ್ಟ್ರ ಹೆಸರು ಹೇಳುತ್ತಾರೆ. ಕಂಪನಿಯಲ್ಲಿ ಕೆಲಸ ಮಾಡಿ ಬಂದ ಮೂರನೆಯವರು "ಕೋಚಿಂಗ್ ಕೊಡಿಸಿ" ಅನ್ನುತ್ತಾರೆ. ಮೂರೂ ಹೆಚ್ಚುಕಮ್ಮಿ ಒಂದೇ ಅಂದುಕೊಂಡು ನಿರ್ಧಾರ ಆಗಿಬಿಡುತ್ತದೆ. ತಾಲೂಕು ಕಚೇರಿಗೆ, ಪಂಚಾಯತ್‌ಗೆ ಹೊಸಬರು ಬಂದಾಗಲೂ ಹೀಗೇ.

ಮಂಗಳೂರಿನಲ್ಲಿ ಕೋಚಿಂಗ್ ಅಂದರೆ ನೀಟ್, ಸಿಇಟಿ ಅಂತಲೇ ಎಲ್ಲರೂ ತಿಳಿಯುತ್ತಾರೆ. ಇಲ್ಲಿ ಹೇಳುತ್ತಿರುವುದು ಅದಲ್ಲ. ಕೆಲಸದಲ್ಲಿರುವ ಶಿಕ್ಷಕರಿಗೆ, ನೌಕರರಿಗೆ ಅವರವರ ಕೆಲಸದಲ್ಲೇ ಸಿಗುವ ಆಸರೆಯ ಮಾತು.

ವ್ಯತ್ಯಾಸ ಇಷ್ಟು. ಮೆಂಟರ್ ಆ ಕೆಲಸ ಮಾಡಿ ಪಳಗಿದವರು. ತಮಗೆ ಗೊತ್ತಿರುವುದನ್ನು ಹೇಳುತ್ತಾರೆ, ದಾರಿ ತೋರಿಸುತ್ತಾರೆ. ಸಂಬಂಧ ಒಂದೆರಡು ವರ್ಷ ನಡೆಯುತ್ತದೆ. ಮಾತು ಪಾಠದಿಂದ ಹಿಡಿದು ಬಾಡಿಗೆ ಮನೆಯವರೆಗೆ ಎಲ್ಲಿಗೂ ಹೋಗಬಹುದು. ಕೋಚ್ ಹಾಗಲ್ಲ. ಹೇಳುವುದು ಕಡಿಮೆ, ನೋಡುವುದು ಮತ್ತು ಕೇಳುವುದು ಜಾಸ್ತಿ. ಒಂದೇ ವಿಷಯ ಹಿಡಿದು ಕೆಲವು ವಾರ ಜೊತೆಗಿದ್ದು, ಅದು ಸರಿಯಾದ ಮೇಲೆ ಹೊರಟುಬಿಡುತ್ತಾರೆ. ಕೋಚ್ ಹಿರಿಯರೇ ಆಗಿರಬೇಕು ಅಂತಿಲ್ಲ.

ಹಾಗಾದರೆ ಆರಿಸುವುದು ಹೇಗೆ? ಎದುರಿಗಿರುವವರಿಗೆ ಏನು ಮಾಡಬೇಕು ಅಂತ ಗೊತ್ತಿಲ್ಲವೋ, ಗೊತ್ತಿದ್ದೂ ಆಗುತ್ತಿಲ್ಲವೋ? ಗೊತ್ತಿಲ್ಲದಿದ್ದರೆ ಮೆಂಟರ್. ಗೊತ್ತಿದ್ದೂ ಆಗದಿದ್ದರೆ ಕೋಚ್. ಇದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ. ಅದನ್ನು ನಮ್ಮ ಇಲಾಖೆಗಳು ಕೇಳಿಕೊಳ್ಳುವುದೇ ಕಡಿಮೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು, ಒಂದು ದಿನದ ತರಬೇತಿ

ಇದು ಎಲ್ಲರಿಗೂ ಗೊತ್ತಿರುವ ದಾರಿ. ಮಂಗಳೂರಿನಲ್ಲೂ ಉಡುಪಿಯಲ್ಲೂ ಡಯಟ್ (ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆ) ಇದೆ, ಬಿಆರ್‌ಸಿಗಳು (ಬ್ಲಾಕ್ ಸಂಪನ್ಮೂಲ ಕೇಂದ್ರಗಳು) ಇವೆ. 2019ರಲ್ಲಿ ಶುರುವಾದ ನಿಷ್ಠಾ ತರಬೇತಿ ಇದೆ, ಫೋನಿನಲ್ಲೇ ದೀಕ್ಷಾ ಕೋರ್ಸುಗಳಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆಯ ವೃತ್ತಿ ಕಲಿಕೆ ಬೇಕು ಅನ್ನುತ್ತದೆ. ಬೇರೆ ನೌಕರರಿಗೆ ಮೈಸೂರಿನ ಆಡಳಿತ ತರಬೇತಿ ಸಂಸ್ಥೆ ಇದೆ. 2020ರಲ್ಲೇ ಕೇಂದ್ರ ಒಪ್ಪಿಗೆ ಕೊಟ್ಟ ಮಿಷನ್ ಕರ್ಮಯೋಗಿಯ ಆನ್‌ಲೈನ್ ಕೋರ್ಸುಗಳೂ ಇವೆ.

ಹೊಸ ಪಠ್ಯಪುಸ್ತಕ, ಹೊಸ ತಂತ್ರಾಂಶ, ಹೊಸ ಸುತ್ತೋಲೆ ಬಂದಾಗ ತರಬೇತಿಯೇ ಸರಿ. ನೂರು ಜನಕ್ಕೆ ಒಂದೇ ಸಲ ಹೇಳಿ ಮುಗಿಸಬಹುದು. ಅಭ್ಯಾಸ ಬದಲಾಗಬೇಕಾದರೆ ಮಾತ್ರ ಅದು ಸಾಲದು. ಅಮೆರಿಕದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಲ್ಲೇ ಇದನ್ನು ತೋರಿಸಿದ್ದರು. ತರಬೇತಿ ಹಾಲ್‌ನಲ್ಲಿ ಕಲಿತದ್ದು ತರಗತಿಗೆ ಹೋಗುವುದು ಕಡಿಮೆ. ಯಾರಾದರೂ ತರಗತಿಗೇ ಬಂದು ಜೊತೆ ನಿಂತಾಗ ಅದು ಬಳಕೆಗೆ ಬರುತ್ತದೆ. ಊಟದ ನಂತರದ ತರಬೇತಿ ಅವಧಿಯಲ್ಲಿ ಕೂತವರಿಗೆ ಇದನ್ನು ವಿವರಿಸಬೇಕಾಗಿಲ್ಲ ಬಿಡಿ.

ಮೆಂಟರ್ ಬೇಕಾದ ಜಾಗ

ಬಾಗಲಕೋಟೆಯಿಂದಲೋ ಗದಗದಿಂದಲೋ ಬಂದು ಬೈಂದೂರು, ಬಂಟ್ವಾಳದ ಶಾಲೆಗೆ ಸೇರಿದ ಟೀಚರ್ ಒಬ್ಬರನ್ನು ನೆನೆಸಿಕೊಳ್ಳಿ. ಕರಾವಳಿಯಲ್ಲಿ ಇಂಥವರು ಬೇಕಾದಷ್ಟು ಜನ ಇದ್ದಾರೆ. ಬಿ.ಇಡಿ ಆಗಿದೆ, ಟಿಇಟಿ ಪಾಸಾಗಿದೆ, ವಿಷಯ ಚೆನ್ನಾಗಿ ಗೊತ್ತು. ಆದರೆ ಎದುರಿಗಿರುವ ಮಕ್ಕಳು ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಆಡುತ್ತಾರೆ. ಕುಂದಾಪುರದ ಕಡೆ ಕನ್ನಡವೇ ಆದರೂ ಟೀಚರ್‌ಗೆ ಅರ್ಧ ಅರ್ಥವಾಗುವುದಿಲ್ಲ. ಒಂದನೇ ತರಗತಿಯ ಮಗು ತುಳುವಿನಲ್ಲಿ ಉತ್ತರ ಕೊಟ್ಟರೆ ಗದರಬೇಕೋ, ಹಾಗೇ ಒಪ್ಪಿಕೊಂಡು ಕನ್ನಡಕ್ಕೆ ತರಬೇಕೋ? ಜುಲೈಯಲ್ಲಿ ರೆಡ್ ಅಲರ್ಟ್ ಅಂತ ರಜೆ ಕೊಟ್ಟರೆ ಆ ಪಾಠವನ್ನು ಎಲ್ಲಿ ಹೊಂದಿಸುವುದು? ಬಿಸಿಯೂಟದ ಲೆಕ್ಕ, ಮಕ್ಕಳ ಮಾಹಿತಿ ತುಂಬುವ ಎಸ್‌ಎಟಿಎಸ್ ತಂತ್ರಾಂಶದ ಎಂಟ್ರಿ ಯಾವ ದಿನ ಮುಗಿಸಬೇಕು? ಇವೆಲ್ಲ ಯಾವ ಕೋರ್ಸಿನಲ್ಲೂ ಇಲ್ಲ. ಇಂಥವರ ಹತ್ತಿರ ಕೋಚ್ ಬಂದು "ನಿಮಗೆ ಏನನ್ನಿಸುತ್ತದೆ?" ಎಂದು ಕೇಳಿದರೆ ಸಿಟ್ಟು ಬರುತ್ತದೆ, ಅಷ್ಟೇ. ಅವರಿಗೆ ಬೇಕಾಗಿರುವುದು ಉತ್ತರ.

ಕಚೇರಿಯಲ್ಲೂ ಅದೇ. ದ್ವಿತೀಯ ದರ್ಜೆ ಸಹಾಯಕಿಯಾಗಿ ಹೊಸದಾಗಿ ಸೇರಿದ ಹುಡುಗಿಯ ಮೇಜಿಗೆ ಮಾಹಿತಿ ಹಕ್ಕಿನ ಅರ್ಜಿ ಬರುತ್ತದೆ. ಕೇಳಿರುವುದು ಲೋಕೋಪಯೋಗಿ ಇಲಾಖೆಯ ರಸ್ತೆಯ ವಿಷಯ. ತಮ್ಮ ಕಚೇರಿಯದ್ದಲ್ಲ ಅಂತ ಆಕೆ ಅದನ್ನು ಪಕ್ಕಕ್ಕಿಡುತ್ತಾಳೆ. ಉತ್ತರಕ್ಕೆ 30 ದಿನ ಇದೆ ಅಂತ ಕೇಳಿದ್ದಾಳೆ. ಆದರೆ 2005ರ ಕಾಯ್ದೆಯ ಪ್ರಕಾರ ಬೇರೆ ಕಚೇರಿಗೆ ಸೇರಿದ ಅರ್ಜಿಯನ್ನು 5 ದಿನದೊಳಗೆ ಅಲ್ಲಿಗೆ ದಾಟಿಸಿ, ಅರ್ಜಿದಾರರಿಗೂ ತಿಳಿಸಬೇಕು. ಪಕ್ಕದ ಮೇಜಿನ ಹಿರಿಯ ಮೇಡಂ ನೋಡಿ ಹೇಳುತ್ತಾರೆ: "ಮಾರಾಯ್ತಿ, ಮೊದಲು ಅರ್ಜಿ ಬಂದ ದಿನದ ಸೀಲ್ ಹಾಕು. ಆಮೇಲೆ ವರ್ಗಾವಣೆ ಪತ್ರ ಬರಿ, ಪ್ರತಿ ಕಡತದಲ್ಲಿಡು. ಪುಟ ಸಂಖ್ಯೆ ಹಾಕ್ಲಿಕ್ಕೆ ಮರೀಬೇಡ." ಎರಡು ನಿಮಿಷದ ಮಾತು. ಅದಿಲ್ಲದಿದ್ದರೆ ಮಾಹಿತಿ ಆಯೋಗದಿಂದ ನೋಟಿಸ್ ಬರುವವರೆಗೆ ಕಲಿಯುವುದಿಲ್ಲ.

ಹಿಂದೆ ಇದು ತನ್ನಷ್ಟಕ್ಕೆ ಆಗುತ್ತಿತ್ತು ಅಂತ ಹಿರಿಯರು ಹೇಳುತ್ತಾರೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಹುಟ್ಟಿದ ಬ್ಯಾಂಕುಗಳನ್ನೇ ನೋಡಿ: 1906ರ ಕೆನರಾ ಮತ್ತು ಕಾರ್ಪೊರೇಷನ್, 1925ರ ಸಿಂಡಿಕೇಟ್, 1931ರ ವಿಜಯಾ. ಗುಮಾಸ್ತರಾಗಿ ಸೇರಿದವರು ಹಿರಿಯರ ಪಕ್ಕ ಕೂತೇ ಲೆಡ್ಜರ್ ಕಲಿತರು. ಈಗ ಖಾಲಿ ಹುದ್ದೆಗಳು ಜಾಸ್ತಿ. ಪಕ್ಕದ ಮೇಜಿನಲ್ಲಿ ಯಾರೂ ಇಲ್ಲ, ಅಥವಾ ಇರುವವರೂ ನಿನ್ನೆ ಮೊನ್ನೆ ಸೇರಿದವರು. ಅದಕ್ಕೇ ಈಗ ಜೋಡಿಯನ್ನು ನಾವೇ ಗೊತ್ತುಮಾಡಬೇಕಾಗಿದೆ. ಅಂದ ಹಾಗೆ ಮೆಂಟರ್ ವಯಸ್ಸಿನಲ್ಲಿ ದೊಡ್ಡವರೇ ಆಗಬೇಕಿಲ್ಲ. 2019 ಮತ್ತು 2020ರಲ್ಲಿ ಬ್ಯಾಂಕುಗಳ ವಿಲೀನವಾದಾಗ ಹೊಸ ತಂತ್ರಾಂಶ ಎಲ್ಲರ ಮೇಜಿಗೂ ಬಂತು. ಅಂಥ ವಿಷಯದಲ್ಲಿ ಮೂವತ್ತರ ಹುಡುಗ ಐವತ್ತೈದರ ಮ್ಯಾನೇಜರಿಗೆ ಗುರು ಆಗಬಹುದು.

ಹೊಸ ಶಿಕ್ಷಕರ ಮೆಂಟರಿಂಗ್‌ನಲ್ಲಿ ಇಂಗ್ಲೆಂಡಿನಿಂದ ಕಲಿಯಬೇಕಾದ ಒಂದು ಸಂಗತಿ ಇದೆ. ಅಲ್ಲಿ 2021ರ ಸೆಪ್ಟೆಂಬರ್‌ನಿಂದ ಹೊಸ ಶಿಕ್ಷಕರಿಗೆ ಎರಡು ವರ್ಷ ಮೆಂಟರ್ ಇರಲೇಬೇಕು. ಜೊತೆಗೆ ಮೊದಲ ವರ್ಷ ಅವರ ಪಾಠದ ಹೊರೆಯಲ್ಲಿ ಶೇ. 10, ಎರಡನೇ ವರ್ಷ ಶೇ. 5 ಕಡಿತ. ಅಂದರೆ ಕಲಿಯಲಿಕ್ಕೆ ವೇಳಾಪಟ್ಟಿಯಲ್ಲೇ ಜಾಗ ಕೊಟ್ಟಿದ್ದಾರೆ. ನಮ್ಮಲ್ಲಿ "ಬಿಡುವಾದಾಗ ಮಾತಾಡಿಕೊಳ್ಳಿ" ಅನ್ನುತ್ತೇವೆ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಬಿಡುವು ಎಲ್ಲಿಂದ ಬರಬೇಕು, ಹೇಳಿ!

ಕೋಚ್ ಏನು ಮಾಡುತ್ತಾರೆ

ಮೂರನೇ ತರಗತಿಯ ಗಣಿತ. ಹದಿನೆಂಟು ವರ್ಷ ಅನುಭವ ಇರುವ ಟೀಚರ್. ಇವತ್ತಿನ ಲೆಕ್ಕ 52ರಿಂದ 27 ಕಳೆಯುವುದು. ಕೋಚ್ ಹಿಂದಿನ ಬೆಂಚಿನಲ್ಲಿ ಕೂತಿದ್ದಾರೆ. ಪಾಠ ಹೇಗಿತ್ತು ಅಂತ ಬರೆಯುತ್ತಿಲ್ಲ. ಮಕ್ಕಳ ಪುಸ್ತಕದಲ್ಲಿ ಯಾವ ಉತ್ತರ ಬಂತು ಅಂತ ಮಾತ್ರ ಗುರುತು ಹಾಕಿಕೊಳ್ಳುತ್ತಿದ್ದಾರೆ. ಬೆಲ್ ಆದ ಮೇಲೆ ಜಗಲಿಯಲ್ಲಿ ಮಾತು.

"ಎಷ್ಟು ಮಕ್ಕಳಿಗೆ ಬಂತು ಟೀಚರ್?"

"ಹೆಚ್ಚಿನವರಿಗೆ ಬಂದಿದೆ ಸರ್. 'ಗೊತ್ತಾಯ್ತಾ?' ಅಂತ ಕೇಳಿದೆ, ಎಲ್ಲ ಹೌದು ಅಂದ್ರಲ್ಲ."

ಕೋಚ್ ಚೀಟಿ ಮುಂದಿಡುತ್ತಾರೆ. 19 ಮಕ್ಕಳಲ್ಲಿ 7 ಜನ 35 ಅಂತ ಬರೆದಿದ್ದಾರೆ. "ಎಲ್ಲರಿಗೂ ಒಂದೇ ತಪ್ಪು ಉತ್ತರ ಹೇಗೆ ಬಂತು?"

ಟೀಚರ್ ನೋಡುತ್ತಾರೆ. "ಅಯ್ಯೋ, ದೊಡ್ಡದರಿಂದ ಚಿಕ್ಕದು ಕಳೆದಿದ್ದಾರೆ. 7ರಿಂದ 2 ತೆಗೆದು 5."

"ನಾಳೆ ಎಂತ ಮಾಡ್ತೀರಿ?"

"ಕಡ್ಡಿಯ ಕಟ್ಟು ಕೈಗೆ ಕೊಡ್ತೇನೆ. ಎರಡೇ ಬಿಡಿ ಕಡ್ಡಿ ಇರುವಾಗ ಕಟ್ಟು ಬಿಚ್ಚದೆ 7 ತೆಗಿಲಿಕ್ಕೆ ಆಗುದಿಲ್ಲ ಅಲ್ವಾ."

ಹತ್ತರ ಕಟ್ಟು ಬಿಚ್ಚುವುದು ಟೀಚರ್‌ಗೆ ಮೊದಲೇ ಗೊತ್ತಿತ್ತು. ಕಡ್ಡಿಗಳು ಕಪಾಟಿನಲ್ಲೇ ಇದ್ದವು. "ಗೊತ್ತಾಯ್ತಾ?" ಅಂತ ಕೇಳಿ ಮುಂದೆ ಹೋಗುವ ಅಭ್ಯಾಸ ಮಾತ್ರ ಅಡ್ಡ ಬಂದಿತ್ತು. ಮೆಂಟರ್ ಆಗಿದ್ದರೆ "ಕಡ್ಡಿ ಉಪಯೋಗಿಸಿ" ಅನ್ನುತ್ತಿದ್ದರು. ಟೀಚರ್ ತಲೆಯಾಡಿಸುತ್ತಿದ್ದರು. ಮುಂದಿನ ವಾರ ಕೋಚ್ ಮತ್ತೆ ಬರುತ್ತಾರೆ, ಅದೇ ಒಂದನ್ನು ನೋಡುತ್ತಾರೆ. ಸರಿಯಾದ ಮೇಲೆಯೇ ಬೇರೆ ವಿಷಯ.

"ನಮ್ಮ ಜಿಲ್ಲೆಗೆ ಇದೆಲ್ಲ ಯಾಕೆ?" ಅಂತ ಕೇಳುವವರಿದ್ದಾರೆ. 2025ರ ಎಸ್‌ಎಸ್‌ಎಲ್‌ಸಿಯಲ್ಲಿ ದಕ್ಷಿಣ ಕನ್ನಡ ಶೇ. 91.12 ಪಡೆದು ರಾಜ್ಯಕ್ಕೇ ಮೊದಲು, ಉಡುಪಿ ಶೇ. 89.96ರೊಂದಿಗೆ ಎರಡನೆಯದು. ಹೆಮ್ಮೆಯ ವಿಷಯವೇ. ಆದರೆ ಹತ್ತನೇ ತರಗತಿಯ ಫಲಿತಾಂಶ ಮೂರನೇ ತರಗತಿಯ ವ್ಯವಕಲನವನ್ನು ತೋರಿಸುವುದಿಲ್ಲ.

ಕೋಚಿಂಗ್‌ನಿಂದ ಪ್ರಯೋಜನ ಇದೆಯಾ ಅಂದರೆ, ಇದೆ. ಮ್ಯಾಥ್ಯೂ ಕ್ರಾಫ್ಟ್ ಮತ್ತು ಜೊತೆಗಾರರು 2018ರಲ್ಲಿ 60 ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದರು. ಹೆಚ್ಚಿನವು ಅಮೆರಿಕದವು. ಪಾಠ ಮಾಡುವ ರೀತಿಯಲ್ಲಿ 0.49, ಮಕ್ಕಳ ಕಲಿಕೆಯಲ್ಲಿ 0.18 ಸುಧಾರಣೆ ಕಂಡಿತು. ಇದು ಪ್ರಮಾಣಿತ ವಿಚಲನೆಯ, ಅಂದರೆ ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆಯ ಲೆಕ್ಕ; ಇಂಥ ಅಧ್ಯಯನಗಳಲ್ಲಿ ಚಿಕ್ಕ ಅಂಕಿಗಳಲ್ಲ. ಆದರೆ ಕಾರ್ಯಕ್ರಮ ದೊಡ್ಡದಾದಷ್ಟೂ ಪರಿಣಾಮ ಇಳಿಯಿತು. ನಮಗೆ ಹೆಚ್ಚು ಹತ್ತಿರವಾದದ್ದು ದಕ್ಷಿಣ ಆಫ್ರಿಕಾದ ಅನುಭವ. ಅಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಒಂದು ಗುಂಪಿನ ಶಿಕ್ಷಕರನ್ನು ಒಂದೆಡೆ ಸೇರಿಸಿ ತರಬೇತಿ ಕೊಟ್ಟರು. ಇನ್ನೊಂದು ಗುಂಪಿನವರ ತರಗತಿಗೇ ಕೋಚ್‌ಗಳನ್ನು ಕಳಿಸಿದರು. ಪಾಠಯೋಜನೆ, ಪುಸ್ತಕ ಎಲ್ಲ ಎರಡೂ ಕಡೆ ಒಂದೇ. ಎರಡು ವರ್ಷದ ನಂತರ ಕೋಚ್ ಹೋದ ಶಾಲೆಗಳ ಮಕ್ಕಳ ಓದಿನಲ್ಲಿ ಕಂಡ ಸುಧಾರಣೆ, ತರಬೇತಿ ಕೊಟ್ಟ ಶಾಲೆಗಳ ಸುಮಾರು ಎರಡು ಪಟ್ಟು.

ಖರ್ಚೂ ಜಾಸ್ತಿ, ಅದನ್ನು ಮುಚ್ಚಿಡಬಾರದು. ಒಬ್ಬ ಕೋಚ್ ಒಂದು ಅವಧಿಯಲ್ಲಿ ಎಂಟು ಹತ್ತು ಶಿಕ್ಷಕರನ್ನು ನೋಡಿಕೊಂಡರೆ ಅದೇ ದೊಡ್ಡದು. ಅದಕ್ಕಿಂತ ಜಾಸ್ತಿ ಕೊಟ್ಟರೆ ಭೇಟಿ ಹೋಗಿ ಬರೇ ಹಾಜರಿ ಉಳಿಯುತ್ತದೆ.

ಪೆನ್ನು ಯಾರ ಕೈಯಲ್ಲಿದೆ?

ಮುಂಚೆ ಬಾಕಿ ಇಟ್ಟ ಪ್ರಶ್ನೆ ಇದು. ನನ್ನ ಮಟ್ಟಿಗೆ ಮೆಂಟರೋ ಕೋಚೋ ಅನ್ನುವುದಕ್ಕಿಂತ ಇದೇ ದೊಡ್ಡದು. ನೆರವಿಗೆ ಬಂದವರೇ ವರದಿ ಬರೆಯುವವರಾದರೆ ಮೆಂಟರಿಂಗೂ ಫಲ ಕೊಡುವುದಿಲ್ಲ, ಕೋಚಿಂಗೂ ಕೊಡುವುದಿಲ್ಲ.

ಸಿಆರ್‌ಪಿಗಳ, ಅಂದರೆ ಅಕ್ಕಪಕ್ಕದ ಕೆಲವು ಶಾಲೆಗಳ ಗುಂಪಾದ ಕ್ಲಸ್ಟರ್ ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿಗಳ ಕಷ್ಟ ಇರುವುದು ಇಲ್ಲೇ. ಆ ಹುದ್ದೆ ಮಾಡಿದ್ದು ಶಿಕ್ಷಕರಿಗೆ ಶೈಕ್ಷಣಿಕ ನೆರವು ಕೊಡಲಿಕ್ಕೆ. ಅವರೂ ಶಿಕ್ಷಕರಾಗಿದ್ದವರೇ. ಆದರೆ ಅವರ ಬೈಕಿನ ಬ್ಯಾಗಿನಲ್ಲಿ ಮಾಹಿತಿ ನಮೂನೆಗಳೇ ತುಂಬಿರುತ್ತವೆ. ಬಿಸಿಯೂಟದ ಅಂಕಿ, ಸಮವಸ್ತ್ರದ ಅಂಕಿ, ಪ್ರತಿಭಾ ಕಾರಂಜಿಯ ಪಟ್ಟಿ. ಶಾಲೆಗೆ ಬಂದರೆ ಭೇಟಿ ಪುಸ್ತಕದಲ್ಲಿ ಷರಾ ಬರೆಯಬೇಕು. ಗೇಟಿನ ಹತ್ತಿರ ಅವರು ಕಂಡ ಕೂಡಲೇ ತರಗತಿಯ ದನಿಯೇ ಬದಲಾಗುತ್ತದೆ. ಚೆನ್ನಾಗಿ ಬರುವ ಪಾಠ ಹೊರಗೆ ಬರುತ್ತದೆ, ಬಾರದ ಪಾಠ ಒಳಗೇ ಉಳಿಯುತ್ತದೆ. ಕೋಚ್‌ಗೆ ಬೇಕಾದದ್ದು ಆ ಬಾರದ ಪಾಠ.

ಕಚೇರಿಯಲ್ಲಿ ತಹಶೀಲ್ದಾರರನ್ನೋ ಕಾರ್ಯನಿರ್ವಾಹಕ ಅಧಿಕಾರಿಯನ್ನೋ ತಮ್ಮದೇ ಸಿಬ್ಬಂದಿಗೆ ಮೆಂಟರ್ ಮಾಡಿದರೂ ಹೀಗೇ ಆಗುತ್ತದೆ. ಪ್ರೊಬೇಷನ್‌ನ ಎರಡು ವರ್ಷ ಮುಗಿಯದ ನೌಕರ, ತನ್ನ ಕಾರ್ಯನಿರ್ವಹಣಾ ವರದಿ ಬರೆಯುವವರ ಎದುರು "ಸರ್, ನನಗಿದು ಗೊತ್ತಿಲ್ಲ" ಅನ್ನುತ್ತಾನಾ? ಅನ್ನುವುದಿಲ್ಲ.

ಆದ್ದರಿಂದ ಶುರುವಿನಲ್ಲೇ ಮಾತು ಕಟ್ಟಿಕೊಳ್ಳಿ. ಮೇಲಿನವರಿಗೆ ತಿಳಿಯಬೇಕಾದದ್ದು ಎರಡೇ: ಯಾವ ದಿನ ಭೇಟಿಯಾಯಿತು, ಯಾವ ವಿಷಯ ಹಿಡಿದುಕೊಂಡಿದ್ದಾರೆ. ಏನು ಮಾತಾಡಿದರು ಅನ್ನುವುದು ಆ ಇಬ್ಬರದ್ದು. ತರಗತಿಯ ಫೋಟೋ ವಾಟ್ಸಾಪ್ ಗ್ರೂಪಿಗೆ ಹಾಕುವ ಅಭ್ಯಾಸವನ್ನೂ ಇಲ್ಲಿ ಬಿಡಬೇಕು. ಮಕ್ಕಳಿಗೆ, ಮಹಿಳಾ ಸಿಬ್ಬಂದಿಗೆ ದೌರ್ಜನ್ಯ ಅಥವಾ ಹಣದ ಅವ್ಯವಹಾರ ಗೊತ್ತಾದರೆ ಮಾತ್ರ ಗುಟ್ಟು ಇಲ್ಲ, ತಿಳಿಸಲೇಬೇಕು. ಇದನ್ನೂ ಮೊದಲ ದಿನವೇ ಹೇಳಿಬಿಡಿ.

ಸಿಆರ್‌ಪಿಯೇ ಕೋಚ್ ಆಗಬೇಕಾದರೆ ಒಂದು ಉಪಾಯ ಇದೆ. ಎರಡು ಕ್ಲಸ್ಟರ್‌ಗಳವರು ಅದಲು ಬದಲು ಮಾಡಿಕೊಳ್ಳುವುದು. ಮಾಹಿತಿ ತಮ್ಮ ಕ್ಲಸ್ಟರ್‌ನಲ್ಲಿ, ಕೋಚಿಂಗ್ ಪಕ್ಕದ ಕ್ಲಸ್ಟರ್‌ನಲ್ಲಿ. ಕ್ಷೇತ್ರ ಶಿಕ್ಷಣಾಧಿಕಾರಿ ಒಪ್ಪಿದರೆ ಇದಕ್ಕೆ ಹೊಸ ದುಡ್ಡೇನೂ ಬೇಕಾಗಿಲ್ಲ.

ಯಾರಿಗೆ ಯಾವುದು

ಹೊಸ ಶಿಕ್ಷಕರಿಗೆ ಮೊದಲ ವರ್ಷ ಮೆಂಟರ್, ಕಾಲು ಊರಿದ ಮೇಲೆ ಕೋಚ್. ಅತಿಥಿ ಶಿಕ್ಷಕರನ್ನು ಇದರಲ್ಲಿ ಮರೆಯುವುದೇ ಹೆಚ್ಚು. ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಅನ್ನುವ ನೆಪ. ಅವರ ಎದುರು ಕೂತ ಮಕ್ಕಳು ಈ ವರ್ಷ ಇರುತ್ತಾರಲ್ಲ.

ಹಳಬರಿಗೆ ಅವರು ಪಳಗಿದ ಕೆಲಸದಲ್ಲೇ ಮೆಂಟರ್ ಕೊಡಬೇಡಿ, ಅವಮಾನ ಅನ್ನಿಸುತ್ತದೆ. ಇಪ್ಪತ್ತು ವರ್ಷ ಪಾಠ ಮಾಡಿದವರಿಗೆ ಕೋಚ್, ಅದೂ ಅವರೇ ಆರಿಸಿದ ವಿಷಯಕ್ಕೆ.

ಹೆಡ್‌ಮಾಸ್ಟ್ರದ್ದು ಬೇರೆಯೇ ಕತೆ. ಶಾಲೆಯಲ್ಲಿ ಮನಸ್ಸು ಬಿಚ್ಚಿ ಮಾತಾಡಲಿಕ್ಕೆ ಅವರಿಗೆ ಯಾರೂ ಇರುವುದಿಲ್ಲ. ಸಿಬ್ಬಂದಿಯ ಜಗಳ, ಎಸ್‌ಡಿಎಂಸಿಯ ಒತ್ತಡ, ಪಕ್ಕದ ಇಂಗ್ಲಿಷ್ ಮೀಡಿಯಂ ಬಸ್ಸಿನ ಪೈಪೋಟಿ. ಇವರಿಗೆ ಬೇರೆ ತಾಲೂಕಿನ ಒಬ್ಬ ಹೆಡ್‌ಮಾಸ್ಟ್ರು ಕೋಚ್ ಆದರೆ ತುಂಬ ಉಪಯೋಗ. ಕಾರ್ಕಳದವರು ಮೂಡುಬಿದಿರೆಯವರ ಜೊತೆ ತಿಂಗಳಿಗೊಮ್ಮೆ ಕೂತರೆ ಸಾಕು. ದೂರವೂ ಅಲ್ಲ, ಜಿಲ್ಲೆಯೂ ಬೇರೆ. "ನಿಮಗೆ ಏನಾಗಬೇಕು, ಈಗ ಏನಿದೆ, ಏನೇನು ದಾರಿ ಇದೆ, ಯಾವುದನ್ನು ಯಾವಾಗ ಮಾಡುತ್ತೀರಿ?" ಈ ನಾಲ್ಕು ಪ್ರಶ್ನೆ ಬ್ರಿಟನ್ನಿನ ಕೋಚಿಂಗ್ ವಲಯದಲ್ಲಿ ಬೆಳೆದು ಈಗ ಎಲ್ಲ ಕಡೆ ಬಳಕೆಯಲ್ಲಿರುವ ಕ್ರಮ. ಹೆಡ್‌ಮಾಸ್ಟ್ರಿಗೆ ಇದು ಚೆನ್ನಾಗಿ ಹೊಂದುತ್ತದೆ.

ಪಿಡಿಒಗಳಿಗೆ, ಗ್ರಾಮ ಆಡಳಿತಾಧಿಕಾರಿಗಳಿಗೆ ಮೊದಲು ಮೆಂಟರ್. ನಿಯಮ ಗೊತ್ತಿದ್ದೂ ಕಡತ ಕೂತಲ್ಲೇ ಕೂತಿದ್ದರೆ ಆಗ ಕೋಚ್. ಯಾರನ್ನೂ ಶಿಕ್ಷೆಯಾಗಿ ಕೋಚ್ ಹತ್ತಿರ ಕಳಿಸಬೇಡಿ. ಕೆಲಸದಲ್ಲಿ ನಿಜವಾಗಿ ಲೋಪ ಇದ್ದರೆ ಅದಕ್ಕೆ ಶಿಸ್ತಿನ ದಾರಿ ಬೇರೆ ಇದೆ. ಎರಡನ್ನೂ ಬೆರೆಸಿದರೆ ಮುಂದೆ ಯಾರೂ ಕೋಚ್ ಹತ್ತಿರ ಹೋಗುವುದಿಲ್ಲ.

ನಿವೃತ್ತರ ಬಗ್ಗೆ ಒಂದು ಮಾತು. ನಮ್ಮಲ್ಲಿ ಅರವತ್ತಕ್ಕೆ ನಿವೃತ್ತರಾಗಿ ಗಟ್ಟಿಮುಟ್ಟಾಗಿರುವ ಮಾಸ್ಟ್ರುಗಳು ಊರಿಗೊಬ್ಬರು ಇದ್ದಾರೆ. ಮೆಂಟರ್ ಕೆಲಸಕ್ಕೆ ಇವರಿಗಿಂತ ಒಳ್ಳೆಯವರು ಸಿಗುವುದಿಲ್ಲ. ಆದರೆ ಕೋಚ್ ಮಾಡುವಾಗ ಯೋಚಿಸಿ. ಸುಮ್ನೆ ಕೇಳಿಸಿಕೊಂಡು ಕೂರುವುದು ಅವರಲ್ಲಿ ಹಲವರಿಗೆ ಕಷ್ಟ. "ನಮ್ಮ ಕಾಲದಲ್ಲಿ" ಅಂತ ಶುರುವಾದರೆ ಬೆಲ್ ಆದರೂ ಮುಗಿಯುವುದಿಲ್ಲ.

ಫೋನಿನಲ್ಲಿ ಆಗುವುದಿಲ್ವಾ?

ಘಟ್ಟದ ಬುಡದ ಶಾಲೆಗಳಿಗೆ ಹೋಗಿ ಬರುವುದೇ ಅರ್ಧ ದಿನ. ಹಾಗಾಗಿ ಫೋನಿನ ಯೋಚನೆ ಬರುವುದು ಸಹಜ. ಮೆಂಟರಿಂಗ್‌ಗೆ ಫೋನ್ ಚೆನ್ನಾಗಿ ಸಾಗುತ್ತದೆ. ಅದು ಹೆಚ್ಚಾಗಿ ಪ್ರಶ್ನೆ, ಉತ್ತರ. ಮೊದಲೆರಡು ಸಲ ಮುಖಾಮುಖಿ ಕೂತಿರಬೇಕು ಅಷ್ಟೇ. ಕೋಚಿಂಗ್ ಹಾಗಲ್ಲ. ದಕ್ಷಿಣ ಆಫ್ರಿಕಾದಲ್ಲೇ ಇದನ್ನೂ ಪರೀಕ್ಷಿಸಿದರು. ಟ್ಯಾಬ್ ಕೊಟ್ಟು ದೂರದಿಂದ ಕೋಚಿಂಗ್ ಮಾಡಿದ ಶಾಲೆಗಳು, ಕೋಚ್ ಖುದ್ದಾಗಿ ಹೋದ ಶಾಲೆಗಳಿಗಿಂತ ಕೊನೆಗೆ ಹಿಂದೆ ಬಿದ್ದವು. 35 ಅಂತ ಬರೆದ ಆ ಏಳು ಪುಸ್ತಕಗಳು ಫೋನಿನಲ್ಲಿ ಕಾಣುವುದಿಲ್ಲವಲ್ಲ.

ದುಡ್ಡು ಮತ್ತು ದಿನ

ಸಂಘದವರ ದುಡ್ಡಿಗೆ ಎರಡು ಒಳ್ಳೆಯ ಜಾಗ ಇದೆ. ಒಂದು, ಕೋಚ್‌ನ ಓಡಾಟದ ಖರ್ಚು. ಇನ್ನೊಂದು, ಟೀಚರ್ ಕೋಚ್ ಜೊತೆ ಕೂತಿರುವ ಆ ಅರ್ಧ ಗಂಟೆ ಮಕ್ಕಳನ್ನು ನೋಡಿಕೊಳ್ಳುವವರಿಗೆ ಗೌರವಧನ. ಬ್ಯಾನರ್, ಶಾಲು, ಸ್ಮರಣಿಕೆಗೆ ಹೋಗುವ ದುಡ್ಡಿನಲ್ಲೇ ಇದರ ಸುಮಾರು ಪಾಲು ನಡೆಯುತ್ತದೆ. ಇಡೀ ಶಾಲೆಗೆ ಒಮ್ಮೆಲೇ ಮಾಡಬೇಡಿ. ಮನಸ್ಸಿರುವ ಇಬ್ಬರಿಂದ ಶುರು ಮಾಡಿ. ಜೋಡಿ ಹೊಂದದಿದ್ದರೆ ಕಾರಣ ಕೇಳದೆ ಬದಲಾಯಿಸಿ.

ದಿನ ಆರಿಸುವಾಗ ನಮ್ಮ ಮಳೆಗಾಲವನ್ನು ಲೆಕ್ಕಕ್ಕೆ ಹಿಡಿಯಿರಿ. ಮೆಂಟರ್ ಜೋಡಿ ಜೂನ್‌ನಲ್ಲೇ ಆಗಲಿ, ಹೊಸಬರಿಗೆ ಕಷ್ಟ ಆಗುವುದೇ ಆಗ. ಕೋಚಿಂಗ್ ಜುಲೈಯಲ್ಲಿ ಇಟ್ಟುಕೊಂಡರೆ ಮಳೆ ರಜೆಯಲ್ಲಿ ಕೊಂಡಿ ತಪ್ಪುತ್ತದೆ. ಚೌತಿ ಕಳೆದ ಮೇಲೆ ಶುರು ಮಾಡಿ, ದಸರಾ ರಜೆ ಬಿಟ್ಟು, ನವೆಂಬರ್ ಕೊನೆಯೊಳಗೆ ಒಂದು ಸುತ್ತು ಮುಗಿಸಿ. ಡಿಸೆಂಬರ್‌ನಲ್ಲಿ ವಾರ್ಷಿಕೋತ್ಸವದ ಡ್ಯಾನ್ಸ್ ಪ್ರಾಕ್ಟೀಸ್ ಇರುತ್ತದೆ, ಜನವರಿಯಿಂದ ಹೈಸ್ಕೂಲಿನವರಿಗೆ ಪೂರ್ವಸಿದ್ಧತಾ ಪರೀಕ್ಷೆ. ಆಗ ಹಿಂದಿನ ಬೆಂಚಿನಲ್ಲಿ ಯಾರು ಬಂದು ಕೂತರೂ ಟೀಚರ್‌ಗೆ ತಲೆನೋವೇ.